ನಲವತ್ತೊಂದೂವರೆ ಸಾವಿರದ ಬೋರ್ಡಿಗೆ ಖಂಡೆ ಪೂಜೆ

ದಿನಾಂಕ: 13-11-2025

ಇಂದ:
ಲೋಹಿತ ಅರ್ಜುನಪ್ಪ, ವಯಸ್ಸು 34
ಉದ್ಯೋಗ: ತಾರಿಹಾಳದ ಕಾರ್ಖಾನೆಗಳಿಗೆ ಕಂಪ್ಯೂಟರಿನಲ್ಲಿ ಅಚ್ಚಿನ (ಮೋಲ್ಡ್) ನಕ್ಷೆ ತೆಗೆದುಕೊಡುವುದು
ರಸ್ತೆ ಕಡೆಯ ಖೋಲಿ, ನವನಗರ, ಹುಬ್ಬಳ್ಳಿ

ಗೆ:
ಶ್ರೀಮತಿ ಶೇವಂತೆವ್ವ ಅರ್ಜುನಪ್ಪ
ಅರ್ಜಿದಾರನ ತಾಯಿ ಹಾಗೂ ಮನೆಯ ಸಮಸ್ತ ಯಂತ್ರಗಳ ಉದ್ಘಾಟಕರು
ಅಡಿಗೆಮನೆ, ವಿಳಾಸ ಮೇಲಿನದೇ

ಮುಖಾಂತರ:
ಶ್ರೀ ಅರ್ಜುನಪ್ಪ, ನಿವೃತ್ತ ಮುಖ್ಯೋಪಾಧ್ಯಾಯರು, ಅರ್ಜಿದಾರನ ತಂದೆ
(ಕೆಂಪು ಶಾಯಿಯಲ್ಲಿ: ಕಾಗುಣಿತ ನೋಡಲಾಗಿದೆ. ಒಳಗಿನ ವಿಷಯಕ್ಕೆ ನಾನು ಹೊಣೆಯಲ್ಲ.)

ವಿಷಯ: ದುಬಾರಿ ಮದರ್‌ಬೋರ್ಡ್ ಕೆಟ್ಟ ಪ್ರಕರಣದಲ್ಲಿ ತಪ್ಪಿತಸ್ಥರ ಹೆಸರು ತಿದ್ದುಪಡಿ ಮಾಡುವ ಹಾಗೂ ಅಗ್ಗದ ಹೊಸ ಬೋರ್ಡನ್ನು ತಮ್ಮ ಕೈಯಿಂದಲೇ ಚಾಲೂ ಮಾಡಿಸುವ ಕುರಿತು.

ಉಲ್ಲೇಖ:
1. ದಿನಾಂಕ 1-10-2025, ಖಂಡೆ ಪೂಜೆಯಂದು (ಆಯುಧ ಪೂಜೆಯಂದು) ತಾವು ಎರಡು ಸಲ ನೀಡಿದ ಮೌಖಿಕ ಸೂಚನೆ.
2. ಅದಕ್ಕೆ ಅರ್ಜಿದಾರನು ಕೊಟ್ಟ ಮೌಖಿಕ ಉತ್ತರ.
3. ದಿನಾಂಕ 4-10-2025ರ, ಕಂಪ್ಯೂಟರ್ ಅಂಗಡಿಯ ಕಾಸಿಮಸಾಬರ ಅಭಿಪ್ರಾಯ (ಅರ್ಜಿದಾರನು ಇಂದಿನವರೆಗೆ ತಮಗೆ ತಿಳಿಸದೆ ಇಟ್ಟುಕೊಂಡದ್ದು).

ಮಾನ್ಯರೇ,

ಅರ್ಜಿದಾರನಿಗೆ ತಮ್ಮನ್ನು ಯವ್ವಾ ಎಂದು ಕರೆದೇ ರೂಢಿ. ಆದರೆ ಚಿಕ್ಕಂದಿನಲ್ಲಿ ಶಾಲೆಗೆ ರಜೆ ಬೇಕಾದರೂ, ಹೊಸ ಚಪ್ಪಲಿ ಬೇಕಾದರೂ ತಂದೆಯವರು ಅರ್ಜಿದಾರನಿಂದ ಲಿಖಿತ ಅರ್ಜಿಯನ್ನೇ ಕೇಳುತ್ತಿದ್ದ ಕಾರಣ, ಮತ್ತು ಕಳೆದ ರವಿವಾರ ಅವರು "ಬಾಯಿಲೆ ಹೇಳಿದ್ರ ಅರ್ಧಾ ನುಂಗತಿ. ಬರದು ಕೊಡು" ಎಂದು ಅಪ್ಪಣೆ ಮಾಡಿರುವ ಕಾರಣ, ಕೆಳಗಿನ ಅಂಶಗಳನ್ನು ಲಿಖಿತವಾಗಿ ಸಲ್ಲಿಸಲಾಗಿದೆ.

1. ಮದರ್‌ಬೋರ್ಡ್ ಎಂದರೆ ಕಂಪ್ಯೂಟರಿನ ಪ್ರೊಸೆಸರ್, ಮೆಮರಿ, ಡಿಸ್ಕ್ ಎಲ್ಲವನ್ನೂ ಕೂರಿಸಿ ಒಂದಕ್ಕೊಂದು ಜೋಡಿಸುವ ಹಲಗೆ. ಲೆಕ್ಕ ಮಾಡುವುದು ಪ್ರೊಸೆಸರ್. ಹಲಗೆ ಅದಕ್ಕೆ ಜಾಗ ಮತ್ತು ಕರೆಂಟು ಕೊಡುತ್ತದೆ. ಈ ಮೂರು ಸಾಲುಗಳನ್ನು ಅರ್ಜಿದಾರನು ಖರೀದಿಗೆ ಮೊದಲೂ ಬಲ್ಲವನಾಗಿದ್ದನು ಎಂಬುದು ಅವನಿಗೆ ಅನುಕೂಲವಾದ ಸಂಗತಿಯಲ್ಲ.

2. ಸೆಪ್ಟೆಂಬರ್ 6ರಂದು ಅರ್ಜಿದಾರನು ತನ್ನ ಪಾಲುದಾರ ಹುಲಗೇಶನೊಡನೆ ಕಾಸಿಮಸಾಬರ ಕಂಪ್ಯೂಟರ್ ಅಂಗಡಿಗೆ ಹೋದನು. (ಹುಲಗೇಶ ಎಂದರೆ ನಕ್ಷೆಗಳನ್ನು ಬೈಕಿನ ಮೇಲೆ ತಾರಿಹಾಳಕ್ಕೆ ಒಯ್ಯುವವನು, ತಮ್ಮ ಕೈಯ ಮಂಡಕ್ಕಿ ಗಿರಮಿಟ್ಟು ತಿನ್ನಲು ಹೇಳದೆ ಬರುವವನು.) ಅಲ್ಲಿ ಎರಡು ಬೋರ್ಡುಗಳಿದ್ದವು. ಒಂದಕ್ಕೆ 11,200 ರೂಪಾಯಿ, ಇನ್ನೊಂದಕ್ಕೆ 41,500.

"ಲೋಹಿತ್ ಸರ್, ನಿಮ್ಮ ಕೆಲಸಕ್ಕ ಹನ್ನೊಂದು ಸಾವಿರದ್ದ ಭಾಳಾತ್ರಿ," ಎಂದರು ಕಾಸಿಮಸಾಬರು. "ಆ ತುಟ್ಟೀದು ಪ್ರೊಸೆಸರ್ ಹಿಂಡಿ ಓಡಸೋರಿಗೆ. ನೀವು ಹಿಂಡ್ತೀರೇನು?"

"ಹಿಂಡೂದಿಲ್ರಿ. ಆದ್ರೂ ತಾಕತ್ತ ಇರ್ಲಿ."

"ಐದು ಡಿಸ್ಕಿಗೆ ಜಾಗಾ ಐತಿ ಅದರಾಗ. ನಿಮ್ಮಲ್ಲೆ ಎಷ್ಟ ಅದಾವು?"

"ಒಂದು."

"ಉಳದ ನಾಕರಾಗ ಏನ್ ಇಡ್ತೀರಿ?"

"ಮುಂದಕ್ಕ ಬೇಕಾಗತಾವ್ರಿ."

ಮುಂದಕ್ಕೆ ಎಂದರೆ ಯಾವ ತಾರೀಖು ಎಂದು ಕಾಸಿಮಸಾಬರು ಕೇಳಲಿಲ್ಲ. ಅಂಗಡಿಯವರು ಬೆಲೆ ಇಳಿಸುತ್ತ ಬಂದು ಗಿರಾಕಿ ಏರಿಸುತ್ತ ಹೋದ ವ್ಯಾಪಾರವನ್ನು ತಾನು ಅಂದೇ ಮೊದಲು ನೋಡಿದ್ದು ಎಂದು ಹುಲಗೇಶ ಇಂದಿಗೂ ತಾರಿಹಾಳದಲ್ಲಿ ಹೇಳುತ್ತ ತಿರುಗುತ್ತಾನೆ.

3. ಸದರಿ ಬೋರ್ಡಿಗೆ ಅನ್ಯಾಯವಾಗಬಾರದು. ಅದರ ಕರೆಂಟಿನ ಭಾಗ ಗಟ್ಟಿ. ದೊಡ್ಡ ಪ್ರೊಸೆಸರನ್ನು ಅದರ ಮಿತಿ ಮೀರಿಸಿ ಗಂಟೆಗಟ್ಟಲೆ ದುಡಿಸುವವರಿಗೆ ಅದು ಬೇಕು. ಡಿಸ್ಕಿನ ಜಾಗಗಳು ಹೆಚ್ಚು, ನೆಟ್‌ವರ್ಕಿನ ವೇಗ ಹೆಚ್ಚು. ಇವು ಯಾವುವೂ ಸುಳ್ಳಲ್ಲ. ಬೇಕಾದವರಿಗೆ ಬೆಲೆ ಸರಿಯಾದದ್ದೇ. ಅರ್ಜಿದಾರನು ಐದು ಡಿಸ್ಕ್ ಜಾಗಗಳಲ್ಲಿ ಒಂದನ್ನು ಬಳಸಿದನು. ನೆಟ್‌ವರ್ಕಿನ ವೇಗವು ಓಣಿಗೆ ಬಂದ ಕೇಬಲ್ಲಿನಷ್ಟೇ ಇತ್ತು. ಬಣ್ಣದ ದೀಪಗಳನ್ನು ಮಾತ್ರ ಪೂರ್ತಿ ಬಳಸಿದನು. ಅವು ಕಾಣಬೇಕಾದ್ದರಿಂದ ಗಾಜಿನ ಪೆಟ್ಟಿಗೆಯನ್ನೂ ಕೊಂಡನು.

4. ಅಮ್ಮಿನಬಾವಿಯ ತಮ್ಮ ತವರಿನಲ್ಲಿ ಖಂಡೆ ಪೂಜೆಯ ದಿನ ಕುಡಗೋಲು, ಕುಂಟೆ, ಕೂರಿಗೆಗಳನ್ನು ತೊಳೆದು ಮಲಗಿಸಿದರೆ ಮರುದಿನದವರೆಗೆ ಯಾರೂ ಮುಟ್ಟುವುದಿಲ್ಲ. ಆ ಪದ್ಧತಿಯನ್ನು ತಾವು ನವನಗರಕ್ಕೂ ತಂದಿರುತ್ತೀರಿ. ತಂದೆಯವರು ಪೂಜೆಗೆ ನಿಲ್ಲುವವರಲ್ಲ. ವಿಜಯದಶಮಿಯಂದು ಬುದ್ಧವಿಹಾರದ ಕಾರ್ಯಕ್ರಮಕ್ಕೆ ಹೋಗುವವರು. ಅವರೂ ಬಿಳಿ ಅಂಗಿಯನ್ನು ಎರಡು ದಿನ ಮೊದಲೇ ಇಸ್ತ್ರಿ ಮಾಡಿಟ್ಟುಕೊಳ್ಳುತ್ತಾರೆ, ಏಕೆಂದರೆ ಖಂಡೆ ಪೂಜೆಯಂದು ಇಸ್ತ್ರಿ ಪೆಟ್ಟಿಗೆಗೂ ಸೂಟಿ (ರಜೆ).

ಅಕ್ಟೋಬರ್ 1ರಂದು ತಾವು ತಂಬಿಗೆ, ವೀಳ್ಯದೆಲೆ, ವಿಭೂತಿ, ಕುಂಕುಮ ಸಹಿತ ಖೋಲಿಗೆ ಬಂದಾಗ ಅರ್ಜಿದಾರನು ಪೆಟ್ಟಿಗೆಯ ಗಾಜನ್ನು ತೆಗೆದು ಪಕ್ಕಕ್ಕೆ ಇಟ್ಟಿದ್ದನು. ಮುಂದೆ ನಡೆದ ಮಾತುಕತೆ, ಹೆಚ್ಚುಕಡಿಮೆ ಇಲ್ಲದೆ, ಹೀಗಿದೆ:

"ಲೋಹಿತಾ, ಬಂದ್ ಮಾಡೋ ಅದನ್ನ. ಇವತ್ತ ಹತಾರಕ್ಕ ಸೂಟಿ."

"ಬಂದ್ ಮಾಡಿದ್ರ ಲೈಟ್ ಕಾಣೂದಿಲ್ಲಬೇ. ನೋಡಿಲ್ಲೆ, ಹೆಂಗ ಮಿಂಚಾಕತ್ತೈತಿ!"

"ನಾಳೆ ಮಿಂಚಲಿ. ಮೊದಲ ಬಂದ್ ಮಾಡು."

"ಇರ್ಲಿ ಬಿಡಬೇ. ಇದರ ಜೀವಾ ಇಲ್ಲೇ ಐತಿ. ಇಲ್ಲೇ ಹಚ್ಚು."

ತಾವು ಎಲೆಯಿಂದ ಮೂರು ಸಲ ನೀರು ಸಿಂಪಡಿಸಿದಿರಿ. ಮೊದಲೆರಡು ಸಲದ ಹನಿಗಳು ಫ್ಯಾನಿನ ಮೇಲೆ ಬಿದ್ದವು. ಮೂರನೆಯ ಸಲದವು ಅರ್ಜಿದಾರನು ಬೆರಳಿಟ್ಟು ತೋರಿಸಿದ ಜಾಗದಲ್ಲೇ ಬಿದ್ದವು. ದೀಪಗಳು ಆರಿದವು. ಮತ್ತೆ ಚಾಲೂ ಮಾಡಿದಾಗ ಬೋರ್ಡಿನ ಮೂಲೆಯ ಪುಟ್ಟ ಫಲಕದಲ್ಲಿ ಎರಡು ಅಂಕಿ ಮೂಡಿದವು.

"ಯಾಕೋ, ಎರಡ ಸೊನ್ನಿ ತೋರಸಾಕತ್ತೈತಿ?" ಎಂದಿರಿ ತಾವು.

ದೋಷ ತಿಳಿಸುವ ಈ ಅಂಕಿಫಲಕ ಹನ್ನೊಂದು ಸಾವಿರದ ಬೋರ್ಡಿನಲ್ಲಿ ಇರುವುದಿಲ್ಲ. ಅಗ್ಗದ್ದು ಸುಮ್ಮನೆ ಸಾಯುತ್ತದೆ; ದುಬಾರಿಯದು ತಾನು ಸತ್ತದ್ದನ್ನು ಅಂಕಿಯಲ್ಲಿ ತಿಳಿಸಿ ಸಾಯುತ್ತದೆ. ಆದ್ದರಿಂದ ದೀಪಗಳ ನಂತರ ಅರ್ಜಿದಾರನು ಪೂರ್ತಿ ಬಳಸಿಕೊಂಡ ಎರಡನೆಯ ಸೌಲಭ್ಯ ಇದೇ.

5. ತಕ್ಷಣ ಅರ್ಜಿದಾರನು ಕಟ್ಟೆಯ ಮೇಲೆ ನಿಂತು ಫೋನಿನಲ್ಲಿ ಹೀಗೆ ಹೇಳಿದನು: "ಕಾಸಿಮಸಾಬ್ರ, ನಮ್ಮವ್ವ ನೀರ ಹೊಡದು ಬೋರ್ಡ ಕೆಡಿಸ್ಯಾಳ್ರಿ." ತಾವು ಆಗ ಪೂಜೆಯ ತಟ್ಟೆ ಹಿಡಿದು ಬಾಗಿಲ ಹಿಂದೆಯೇ ನಿಂತಿದ್ದಿರಿ. ಇದು ಅರ್ಜಿದಾರನಿಗೆ ಫೋನು ಇಟ್ಟು ತಿರುಗಿದಾಗ ಗೊತ್ತಾಯಿತು.

6. ಅಂದಿನಿಂದ ಇಂದಿಗೆ ನಲವತ್ತಮೂರು ದಿನ. ತಾವು ಖೋಲಿಯ ಹೊಸ್ತಿಲು ದಾಟಿಲ್ಲ. ಚಹಾ ಹೊಸ್ತಿಲ ಮೇಲೆ ಬರುತ್ತದೆ, ಖಾಲಿ ಕಪ್ಪು ಹೊಸ್ತಿಲಿನಿಂದಲೇ ಹೋಗುತ್ತದೆ. ಮಿಕ್ಸರ್ ಹಚ್ಚಲು ಹೇಳಿದರೆ "ನನ್ನ ಕೈ ಛಲೋ ಇಲ್ಲಪಾ, ಯಂತ್ರಕ್ಕ ಆಗಿ ಬರೂದಿಲ್ಲ" ಎಂದು ಚಟ್ನಿಯನ್ನು ಕಲ್ಲಿನಲ್ಲಿ ಅರೆಯುತ್ತೀರಿ. ಚಟ್ನಿ ಮೊದಲಿಗಿಂತ ರುಚಿಯಾಗಿದೆ ಎಂಬ ತಂದೆಯವರ ಅಭಿಪ್ರಾಯವನ್ನು ಈ ಅರ್ಜಿಯ ಸಂದರ್ಭದಲ್ಲಿ ಪರಿಗಣಿಸಬಾರದು.

ಕೈ ಛಲೋ ಇಲ್ಲ ಎಂಬ ಹೇಳಿಕೆಗೆ ದಾಖಲೆಯ ಆಧಾರವಿಲ್ಲ. ಹನ್ನೆರಡು ವರ್ಷದ ಸ್ಕೂಟರ್, ನೀರೆತ್ತುವ ಮೋಟರು, ತಂದೆಯವರ ಕಿವಿಯ ಮಷೀನು ಎಲ್ಲವೂ ಮೊದಲು ತಮ್ಮ ಕೈಯಿಂದಲೇ ಚಾಲೂ ಆದಂಥವು, ಎಲ್ಲವೂ ನಡೆಯುತ್ತಿವೆ. ಕಿವಿಯ ಮಷೀನು ಅಗತ್ಯಕ್ಕಿಂತ ಹೆಚ್ಚೇ ನಡೆಯುತ್ತಿದೆ. ಅರ್ಜಿದಾರನ ಹಳೆಯ ಕಂಪ್ಯೂಟರ್ ಒಂಬತ್ತು ಖಂಡೆ ಪೂಜೆ ಕಂಡಿದೆ. ಅದರ ತಗಡಿನ ಮೇಲೆ ಒಂಬತ್ತು ವರ್ಷದ ಕುಂಕುಮ ಪದರಗಟ್ಟಿದೆ. ಒಳಗೆ ಏನಿದೆ ಎಂದು ಯಾರೂ ತೆರೆದು ತೋರಿಸದೆ ಇದ್ದುದರಿಂದ, ಮತ್ತು ತಮ್ಮ ಮಾತಿನಂತೆ ಅಂದು ಅದನ್ನು ಬಂದ್ ಇಡುತ್ತಿದ್ದುದರಿಂದ, ಅದು ಇಂದಿಗೂ ಜೀವಂತ. ಈ ನಲವತ್ತಮೂರು ದಿನ ಮನೆಯ ದುಡಿಮೆ ನಡೆಸಿದ್ದೂ ಅದೇ.

7. ಈಗ ಉಲ್ಲೇಖ ಮೂರರ ವಿಷಯ. ಅಕ್ಟೋಬರ್ 4ರಂದು ಬೋರ್ಡನ್ನು ಅಂಗಡಿಗೆ ಒಯ್ದಾಗ, ನೀರು ಬಿದ್ದದ್ದಕ್ಕೆ ವಾರಂಟಿ ಇಲ್ಲ ಎಂಬುದನ್ನು ಮೊದಲು ಹೇಳಿದ ಕಾಸಿಮಸಾಬರು, ಕನ್ನಡಕ ಏರಿಸಿ ಹಲಗೆಯನ್ನು ತಿರುಗಿಸಿ ನೋಡಿ ಹೀಗೆಂದರು:

"ನೀರು ಬೀಳೂದು ದೊಡ್ಡ ಮಾತಲ್ರಿ ಸರ್. ಬಂದ್ ಇತ್ತಂದ್ರ ಒರಸಿ ಎರಡ ದಿನಾ ಒಣಗಿಸಿದ್ರ ಉಳೀತಿತ್ತು. ಚಾಲೂ ಇದ್ದಾಗ ಬಿದ್ದದ್ದಕ್ಕ ಸುಟ್ಟೈತಿ. ಚಾಲೂ ಇಟ್ಟಾವ್ರು ಯಾರು?"

ಅರ್ಜಿದಾರನು "ಚಹಾ ಕುಡಿಯೂಣ ಬರ್ರಿ" ಎಂದನು.

ಜೊತೆಗೆ ಬಂದಿದ್ದ ಹುಲಗೇಶ ಬೈಕು ಹತ್ತುವಾಗ ಕೇಳಿದನು: "ಇದನ್ನ ಅವ್ವಾರಿಗೆ ಹೇಳ್ತೀಯಿಲ್ಲೋ?"

"ಹೇಳ್ತೇನಿ."

"ಯಾವಾಗ?"

"ಮುಂದಕ್ಕ."

"ಮುಂದಕ್ಕ ಬೇಕಾಗತಾವು ಅಂತ ನಾಕ ಜಾಗಾ ಖಾಲಿ ಇಟ್ಟಿದ್ಯಲ್ಲ, ಅಲ್ಲಿ ಇಡು ಇದನ್ನ," ಎಂದು ಹುಲಗೇಶ ಬೈಕು ಚಾಲೂ ಮಾಡಿದನು.

8. ನವೆಂಬರ್ 8ರಂದು ಅರ್ಜಿದಾರನು ಅದೇ ಅಂಗಡಿಯಲ್ಲಿ 11,200 ರೂಪಾಯಿಯ ಬೋರ್ಡು ಕೊಂಡು, ಉಳಿದುಕೊಂಡಿದ್ದ ಅದೇ ಪ್ರೊಸೆಸರ್, ಅದೇ ಮೆಮರಿ, ಅದೇ ಡಿಸ್ಕನ್ನು ಅದರ ಮೇಲೆ ಕೂರಿಸಿ, ಅದೇ ಅಚ್ಚಿನ ನಕ್ಷೆಯ ಲೆಕ್ಕವನ್ನು ಅಂಗಡಿಯಲ್ಲೇ ಓಡಿಸಿ ನೋಡಿದನು. ಸೆಪ್ಟೆಂಬರಿನಲ್ಲಿ ದುಬಾರಿ ಬೋರ್ಡಿನ ಮೇಲೆ ಅದಕ್ಕೆ ಹಿಡಿದದ್ದು 11 ನಿಮಿಷ 39 ಸೆಕೆಂಡು. ಈಗ ಹಿಡಿದದ್ದು 11 ನಿಮಿಷ 42 ಸೆಕೆಂಡು. ವ್ಯತ್ಯಾಸ ಮೂರು ಸೆಕೆಂಡು. ಆ ಮೂರು ಸೆಕೆಂಡಿನಲ್ಲಿ ಹುಲಗೇಶ ಒಮ್ಮೆ ಆಕಳಿಸಿದನು, ಆಕಳಿಕೆ ಪೂರ್ತಿಯಾಗಲಿಲ್ಲ.

ಮೂವತ್ತು ಸಾವಿರದ ಮುನ್ನೂರು ರೂಪಾಯಿ ಹೆಚ್ಚು ಕೊಟ್ಟದ್ದು ಸಾರ್ಥಕವೇ ಎಂದು ತಂದೆಯವರು ಕೇಳಿದ ಪ್ರಶ್ನೆಗೆ ಅರ್ಜಿದಾರನ ಉತ್ತರ: ಅಲ್ಲ. ಬೋರ್ಡಿನಲ್ಲಿ ದೋಷವಿರಲಿಲ್ಲ. ಅದರಿಂದ ಮಾಡಿಸುವ ಕೆಲಸ ಅರ್ಜಿದಾರನಲ್ಲಿ ಇರಲಿಲ್ಲ. ತೋರಿಸುವ ಆಸೆ ಮಾತ್ರ ಇತ್ತು, ಮತ್ತು ತೋರಿಸಬೇಕಾದವರು ತಾವೊಬ್ಬರೇ ಇದ್ದಿರಿ.

9. ಮೇಲಿನ ಎಲ್ಲ ಕಾರಣಗಳಿಂದ ಸಾಬೀತಾಗುವುದೇನೆಂದರೆ, ಗಾಜು ತೆಗೆದವನು ಅರ್ಜಿದಾರ. ಜಾಗ ತೋರಿಸಿದವನು ಅರ್ಜಿದಾರ. ಬಂದ್ ಮಾಡು ಎಂದು ಎರಡು ಸಲ ಹೇಳಿದವರು ತಾವು, ಮಾಡದೆ ಇದ್ದವನು ಅರ್ಜಿದಾರ. ತಮ್ಮ ಪದ್ಧತಿ ಪಾಲಿಸಿದ್ದರೆ ಬೋರ್ಡು ಉಳಿಯುತ್ತಿತ್ತು. ಇದು ಗೊತ್ತಾದ ಮೇಲೂ ನಲವತ್ತು ದಿನ ತಮ್ಮ ಕೈಗೆ ಬಂದ ಅಪವಾದವನ್ನು ಹಾಗೇ ಇರಗೊಟ್ಟವನೂ ಅರ್ಜಿದಾರನೇ. ಬೋರ್ಡು ಕೆಟ್ಟದ್ದು ಒಂದು ದಿನದ ತಪ್ಪು. ಇದು ನಲವತ್ತು ದಿನದ್ದು.

ಆದ್ದರಿಂದ ತಾವು ದಯಮಾಡಿ,

(ಅ) ದಾಖಲೆಯಲ್ಲಿ "ಅವ್ವ ಕೆಡಿಸ್ಯಾಳ" ಎಂದಿರುವಲ್ಲಿ "ಮಗ ಕೆಡಿಸ್ಯಾನ" ಎಂದು ತಿದ್ದಿಕೊಳ್ಳಬೇಕು. ಇದೇ ತಿದ್ದುಪಡಿಯನ್ನು ಅರ್ಜಿದಾರನು ಅದೇ ಕಟ್ಟೆಯ ಮೇಲೆ ನಿಂತು, ಅದೇ ದನಿಯಲ್ಲಿ, ಕಾಸಿಮಸಾಬರಿಗೆ ಫೋನು ಮಾಡಿ ಹೇಳಲು ಬದ್ಧನಿದ್ದಾನೆ. ತಾವು ಬಾಗಿಲ ಹಿಂದೆ ನಿಲ್ಲಬಹುದು.

(ಆ) ಬರುವ ಸೋಮವಾರ, ದಿನಾಂಕ 17ರಂದು, ಮನೆಯಲ್ಲಿ ಇನ್ನೂ ಚಾಲೂ ಆಗದ ಹೊಸ ಕಂಪ್ಯೂಟರಿಗೆ ಪೂಜೆ ಮಾಡಿ, ಅದರ ಗುಂಡಿಯನ್ನು ತಾವೇ ಒತ್ತಬೇಕು. ಪೆಟ್ಟಿಗೆ ತಗಡಿನದು. ದೀಪ ಇಲ್ಲ. ಗಾಜೂ ಇಲ್ಲ.

ತಾವು ಒತ್ತದ ಹೊರತು ಅರ್ಜಿದಾರನು ಒತ್ತುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ
(ವಿಶ್ವಾಸ ಉಳಿದಿದ್ದಲ್ಲಿ)
ಲೋಹಿತ

ಲಗತ್ತುಗಳು:
1. ಸುಟ್ಟ ಬೋರ್ಡು, ಮೂಲ ಪ್ರತಿ, ವಿಭೂತಿ ಸಮೇತ.
2. ಕಾಸಿಮಸಾಬರ ಅಭಿಪ್ರಾಯ, ಅವರ ಅಂಗಡಿಯ ಬಿಲ್ಲಿನ ಹಿಂಬದಿಯಲ್ಲಿ, ಸಹಿ ಸಹಿತ.
3. ಸಾಕ್ಷಿ: ಹುಲಗೇಶ. (ಖುದ್ದಾಗಿ ಹಾಜರಾಗುತ್ತಾನೆ. ಗಿರಮಿಟ್ಟು ಇದ್ದರೆ ಬೇಗ ಹಾಜರಾಗುತ್ತಾನೆ.)

ವಿಶೇಷ ವಿನಂತಿ: ಸೋಮವಾರ ತಾವು ತಂಬಿಗೆ ತರುವ ಹೊತ್ತಿಗೆ ಕಂಪ್ಯೂಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಅರ್ಜಿದಾರನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ. ಹೊಸ್ತಿಲು ದಾಟುವ ಮೊದಲು ಪರಿಶೀಲಿಸಿಕೊಳ್ಳಬೇಕಾಗಿ ವಿನಂತಿ.