ಹುಳುಮನೆಯ ಕಾವಲುಗಾರ

ನಮ್ಮ ಸೋದರಮಾವನ ಹುಳುಮನೆಯೊಳಗೆ ಕಾಲಿಡುವುದಕ್ಕಿಂತ ವಿಧಾನಸೌಧದೊಳಗೆ ಕಾಲಿಡುವುದು ಸುಲಭ! ಅಲ್ಲಿ ಚೀಟಿ ಬರೆಸಿದರೆ ಬಿಡುತ್ತಾರೆ. ಮಾಂಬಳ್ಳಿಯಲ್ಲಿ ಮಾವ ರೇಷ್ಮೆ ಹುಳು ಸಾಕುವ ಆ ತಗಡಿನ ಮನೆಗೆ ಚೀಟಿಯೂ ನಡೆಯದು, ನೆಂಟಸ್ತನವೂ ನಡೆಯದು.

ಹುಳುವಿಗೆ ರೋಗ ಅಂಟೀತು ಎಂದು ಎಲ್ಲ ಸಾಕಣೆದಾರರೂ ಬಾಗಿಲಲ್ಲಿ ಒಂದಿಷ್ಟು ಮಡಿ ಮಾಡುತ್ತಾರೆ, ನಿಜ. ಮಾವನದು ಒಂದು ಕೈ ಹೆಚ್ಚು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿನ ತೊಟ್ಟಿ. ಅದರಲ್ಲಿ ಕಾಲು ನೆನೆಸಬೇಕು, ಬಟ್ಟೆ ಬದಲಿಸಬೇಕು, ಬೀಡಿ ಸೇದಿದವರು ಆ ಬೀದಿಯಲ್ಲೇ ಸುಳಿಯಬಾರದು. ಮಗಳನ್ನು ನೋಡಲು ಬಂದ ಗಂಡಿನ ಅಪ್ಪ, ಪಾಪ, ಹುಳು ನೋಡುವ ಆಸೆಪಟ್ಟರು. ಮಾವ ಅವರ ಇಸ್ತ್ರಿ ಅಂಗಿ ಕಳಚಿಸಿ, ತನ್ನ ಹಳೇ ಪಂಚೆ ಉಡಿಸಿ, ತೊಟ್ಟಿಯೊಳಗೆ ನಿಲ್ಲಿಸಿದ. ಮದುವೆ ಹೇಗೋ ನಡೆಯಿತು. ಆದರೆ ಆ ಬೀಗರು ಇವತ್ತಿಗೂ ಯಾರ ಮನೆಗೆ ಹೋದರೂ ಹೊಸ್ತಿಲಲ್ಲಿ ನಿಂತು ತೊಟ್ಟಿ ಹುಡುಕುತ್ತಾರಂತೆ!

ಇಷ್ಟು ಕಟ್ಟುನಿಟ್ಟಿನ ಮನುಷ್ಯ ಕೋತಿ ಕಂಡರೆ ಮಾತ್ರ ಕರಗಿಹೋಗುತ್ತಾನೆ. ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಕೋತಿಗಳು ಹಿಪ್ಪುನೇರಳೆ ತೋಟಕ್ಕೆ ನುಗ್ಗಿದರೆ ಊರವರು ಪಟಾಕಿ ಹಚ್ಚುತ್ತಾರೆ, ಮಾವ ಕೈ ಮುಗಿಯುತ್ತಾನೆ. ಭಕ್ತಿಯೇ? ಖಂಡಿತ ಅಲ್ಲ. ಒಮ್ಮೆ ಕೇಳಿಯೇಬಿಟ್ಟೆ.

"ನಮ್ತಾವ ಇಲ್ದೆ ಇರೋದು ಇವುಗಳ ತಾವ ಅದೆ ಕಣ್ಲಾ" ಎಂದು ಜೇಬಿನಿಂದ ಒಂದು ಚೀಟಿ ತೆಗೆದ. ಯಾವುದೋ ಆರೋಗ್ಯ ಶಿಬಿರಕ್ಕೆ ಬಂದಿದ್ದ ಡಾಕ್ಟರನ್ನು ಹಿಡಿದು ಕೂರಿಸಿ, ಔಷಧಿ ಚೀಟಿಯ ಹಿಂದೆ ಬರೆಸಿಕೊಂಡ ಚಿತ್ರವದು. ಜನ ಆಧಾರ್ ಕಾರ್ಡಿಗೆ ಮಾಡಿಸುವ ಲ್ಯಾಮಿನೇಷನ್ನನ್ನು ಮಾವ ಅದಕ್ಕೆ ಮಾಡಿಸಿದ್ದ!

ಆ ಚಿತ್ರದ ಪ್ರಕಾರ, ಎಚ್ಐವಿ ವೈರಸ್ಸು ತನ್ನ ಗಂಟುಮೂಟೆಯನ್ನೆಲ್ಲ ಒಂದು ಕವಚದೊಳಗೆ ಇಟ್ಟುಕೊಂಡು ಜೀವಕೋಶಕ್ಕೆ ನುಗ್ಗುತ್ತದಂತೆ. ಕೆಲವು ಜಾತಿಯ ಕೋತಿಗಳಲ್ಲಿ ಒಂದು ಪ್ರೋಟೀನು ಒಳಗೇ ಕಾದು ಕೂತಿರುತ್ತದೆ. ಕವಚದ ಗುರುತು ಹಿಡಿದು, ಸುತ್ತಲೂ ಮುತ್ತಿಕೊಂಡು, ಹೊತ್ತಿಗೆ ಮುಂಚೆಯೇ ಅದನ್ನು ಒಡೆದುಹಾಕುತ್ತದೆ. ಅರ್ಧ ಕಟ್ಟಿದ ಗೂಡು ಕಿತ್ತರೆ ನೂಲು ಬರುತ್ತದೆಯೇ? ಹಾಗೆ ವೈರಸ್ಸಿನ ಕೆಲಸವೂ ಅಲ್ಲಿಗೇ ಕೆಡುತ್ತದೆ.

"ಮನುಷ್ಯರಲ್ಲಿ ಆ ಕಾವಲುಗಾರ ಇಲ್ವಾ?"

"ಅವ್ನೆ ಕಣ್ಲಾ. ಬ್ಯಾರೆ ಕೆಲವು ಕಳ್ಳರನ್ನ ಇಡೀತಾನೆ. ಈ ಕಳ್ಳ ಮುಂದೇನೇ ಓದ್ರೂ ಗುರ್ತು ಸಿಕ್ಕಾಕಿಲ್ಲ."

"ನಮ್ಮೂರ ಕೋತೀಲೂ ಇದ್ದಾನಾ?"

"ಡಾಕ್ಟ್ರು ಏಳಿದ್ದು ಉತ್ತರದ ಕಡೆ ಕೋತಿ ವಿಚಾರ. ಇವು ಅವುಗಳ ನೆಂಟ್ರು. ನೆಂಟ್ರಿಗೂ ಒಂದ್ಸಲ ಕೈ ಮುಗುದ್ರೆ ಗಂಟೇನೋದದು?"

ಹೆಬ್ಬೆಟ್ಟೊತ್ತುವ ಮನುಷ್ಯನಿಗೆ ಈ ವಿದ್ಯೆಯೆಲ್ಲ ಯಾಕೆ ಬೇಕಿತ್ತು? ಅದನ್ನು ಮಾತ್ರ ನಾನು ಕೇಳಲಿಲ್ಲ.

ಕಳೆದ ವರ್ಷ ಮಾವ ಮಾದೇವಿ ಎಂಬ ಹೆಂಗಸನ್ನು ಕೆಲಸಕ್ಕಿಟ್ಟುಕೊಂಡ. ಅಜ್ಜೀಪುರದವಳು. ಗಂಡ ಸತ್ತ ಮೇಲೆ ಮಾಂಬಳ್ಳಿಯ ಅಕ್ಕನ ಮನೆ ಸೇರಿದ್ದಳು. ಸೊಪ್ಪು ಹಾಕುವುದರಲ್ಲಿ ಅವಳ ಕೈ ಮಾವನಿಗಿಂತ ಚುರುಕು. ಆದರೆ ಅವಳು ತಿಂಗಳು ತಿಂಗಳೂ ಯಾವ ಮಾತ್ರೆ ತರುತ್ತಾಳೆ ಎಂಬುದು ಊರಿಗೆ ಗೊತ್ತಾಯಿತು. ಜನ ಹೆದರಿದ್ದು ಯಾರಿಗಾಗಿ ಅಂದುಕೊಂಡಿರಿ? ಹುಳುಗಳಿಗಾಗಿ! ಅವಳು ಮುಟ್ಟಿದ ಸೊಪ್ಪು ತಿಂದು ಹುಳುವಿಗೆ ಎಚ್ಐವಿ ಬರುತ್ತದಂತೆ, ಅಲ್ಲಿಂದ ಪಕ್ಕದ ಹುಳುಮನೆಗೆ ಹಾರುತ್ತದಂತೆ!

"ನಮ್ ನೆಂಟ ಕೋತಿಗೇ ಅಂಟ್ನಿಲ್ಲ, ಹುಳಕ್ಕೆ ಅಂಟೀತಾ? ಅದರ ಮೈಯಾಗೆ ಈ ಕಳ್ಳನಿಗೆ ಬಾಗ್ಲೇ ಇಲ್ಲ. ಮುಟ್ಟುದ್ರೆ ಮನುಷ್ಯರಿಗೇ ಬರಾಕಿಲ್ಲ" ಎಂದು ಮಾವ ಟೀ ಅಂಗಡಿಯಲ್ಲಿ ಲ್ಯಾಮಿನೇಷನ್ ಚೀಟಿ ಎತ್ತಿ ತೋರಿಸಿದ. ಜನ ಟೀ ಕುಡಿದು ಎದ್ದುಹೋದರು.

ಹುಳು ಹಣ್ಣಾಗುವ ದಿನ ಬಂತು. ಅಂದರೆ ಗೂಡು ಕಟ್ಟಲು ತಯಾರಾಗುವ ದಿನ. ಅವತ್ತೇ ಒಂದೊಂದಾಗಿ ಆರಿಸಿ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು, ತಡವಾದರೆ ಕಂಡಲ್ಲಿ ನೂಲು ಚೆಲ್ಲಿ ಬೆಳೆ ಹಾಳು. ಇವರಿಗೆ ಅವರು, ಅವರಿಗೆ ಇವರು ಮುಯ್ಯಾಳಾಗಿ ಬರುವುದು ರೂಢಿ. ಅವತ್ತು ಒಬ್ಬರೂ ಬರಲಿಲ್ಲ. ಊರಲ್ಲೇ ಇರುವ ನಮ್ಮಮ್ಮ ಕೊಳ್ಳೇಗಾಲದಲ್ಲಿದ್ದ ನನಗೆ ಫೋನು ಮಾಡಿದಳು. "ಓಗಿ ನಿಮ್ ಮಾವಂಗೆ ಬುದ್ದಿ ಯೋಳ್ಲಾ. ಅವಳ್ನ ಕಳಿಸ್ಬುಟ್ರೆ ಆಳು ಬತ್ತವೆ."

ಹೋದೆ. ಬಾಗಿಲಲ್ಲೇ ನಿಂತು, ಓದಿದವನಾದ ನಾನು, ಹಾಗೇ ಹೇಳಿದೆ. "ಇವತ್ತೊಂದಿನ ಅವಳನ್ನ ಮನೆಗೆ ಕಳ್ಸು ಮಾವ. ಬೆಳೆ ಉಳೀಲಿ."

ಒಳಗಿದ್ದ ಮಾದೇವಿಗೆ ಕೇಳಿಸಿತು. ಹುಳುವಿನ ತಟ್ಟೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ನಾ ಓಯ್ತೀನಿ ಕಣಣ್ಣ" ಎಂದು ಬಾಗಿಲಿಗೆ ಬಂದಳು. ಮಾವ ಎರಡೂ ಕೈ ಚಾಚಿ ಅಡ್ಡ ನಿಂತ. ಆ ಬಾಗಿಲಲ್ಲಿ ಅವನು ಹೊರಗೆ ಹೋಗುವವರನ್ನು ತಡೆದದ್ದು ಅದೇ ಮೊದಲು.

"ನಿಮ್ ಚಿಕ್ಕವ್ವ, ನನ್ ಕಿರೀ ತಂಗಿ, ಸತ್ತಿದ್ದು ಟೈಫಾಯ್ಡಿಂದಲ್ಲ ಕಣ್ಲಾ, ಇದೇ ಕಾಯ್ಲೆಯಿಂದ" ಅಂದ. "ಗಂಡನ ಮನೇಲಿ ಆಚೆಗಾಕುದ್ರು. ಸೀದಾ ಇಲ್ಲಿಗ್ ಬಂದ್ಲು. ಹುಳು ಹಣ್ಣಾಗೋ ಟೇಮು. ಬೆಳೆ ಮುಗೀಲಿ, ಆಮೇಕೆ ಬಾರವ್ವ ಅಂತ ಇದೇ ಬಾಗ್ಲಲ್ಲಿ ತಡುದ್ಬುಟ್ಟೆ. ಗೂಡು ಬಿಡ್ಸೋವತ್ಗೆ ಅವಳೇ ಇರ್ನಿಲ್ಲ." ಚಾಚಿದ ಕೈ ಇಳಿಸದೆಯೇ ಹೇಳಿದ. "ಕಾವಲುಗಾರನಿಗೆ ಯಾರ್ನ ತಡೀಬೇಕು ಅಂತ ಗೊತ್ತಿರ್ಬೇಕು. ನಂಗೆ ಗೊತ್ತಿರ್ನಿಲ್ಲ."

ನನಗೆ ನಾಚಿಕೆಯಾಯಿತು. ಚಪ್ಪಲಿ ಬಿಟ್ಟು ತೊಟ್ಟಿಯಲ್ಲಿ ಕಾಲಿಟ್ಟೆ. ಮಾವ ತನ್ನ ಹಳೇ ಪಂಚೆ ಕೊಟ್ಟ. ಮಾದೇವಿ ಒಂದು ಹುಳುವನ್ನು ಬೆಳಕಿಗೆ ಹಿಡಿದು, "ಇಂಗೆ ಮೈ ತಿಳಿಯಾಗಿ ಕಂಡ್ರೆ ಹಣ್ಣಾಗ್ಯದೆ ಅಂತ ಸಾ" ಎಂದು ನನ್ನ ಅಂಗೈಗೆ ಬಿಟ್ಟಳು. ಮೂವರೂ ಆರಿಸತೊಡಗಿದೆವು. ಮುಗಿಯುವ ಕೆಲಸವಾಗಿರಲಿಲ್ಲ.

ಮಧ್ಯಾಹ್ನ ಬಾಗಿಲಲ್ಲಿ ನೆರಳಾಯಿತು. ಅಮ್ಮ. ನಾನು ವಾಪಸು ಬರಲಿಲ್ಲವೆಂದು ನೋಡಲು ಬಂದಿದ್ದಳು. ಮಾದೇವಿಯನ್ನು ನೋಡಿದಳು, ಅಣ್ಣನನ್ನು ನೋಡಿದಳು. ಮಾವ ತೊಟ್ಟಿಯನ್ನು ಅವಳ ಕಡೆ ಸರಿಸಿದ. ಅಮ್ಮ ಸೀರೆ ಎತ್ತಿಕಟ್ಟಿ ನೀರಿಗಿಳಿದು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದಳು. ತಂಗಿಯನ್ನು ತಡೆದ ಬಾಗಿಲು ಅದೆಂದು ಅವಳಿಗೂ ಗೊತ್ತಿತ್ತು. ಕಣ್ಣು ಒರೆಸಿಕೊಂಡಳು. ಆಮೇಲೆ ಒಳಗೆ ಬಂದು, "ವಸಿ ಅತ್ಲಾಗೆ ಸರ್ಕೊಳವ್ವ" ಎಂದು ಮಾದೇವಿಯ ತಟ್ಟೆಗೇ ಕೈ ಹಾಕಿ ಅವಳ ಪಕ್ಕ ಕೂತಳು.