ಬಾಯಿ ಮುಚ್ಚಿ ಅಂತ ಮರ್ಯಾದೆಯಿಂದ ಹೇಳುವುದು ಹೇಗೆ

ಫೋಟೋ ಸ್ಟುಡಿಯೋ ಇಟ್ಟುಕೊಂಡವಳ ಮುಂದೆ ಜನ ದಿನಕ್ಕೆ ಹತ್ತು ಸಲ ನಗುತ್ತಾರೆ. ಅದರಲ್ಲಿ ಒಂದು ಸಲವಾದರೂ ನನ್ನ ಬಾಯಿಂದ ಏನೋ ಒಂದು ಜಾರಿ, ಆ ನಗು ಅಲ್ಲಿಗೇ ನಿಲ್ಲುತ್ತದೆ. ಇಷ್ಟು ವರ್ಷವಾದರೂ ಇದು ತಪ್ಪಿಲ್ಲ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹಗರಿಬೊಮ್ಮನಹಳ್ಳಿಯ ಒಂದು ಸ್ಟುಡಿಯೋದಲ್ಲಿ ಕಸ ಗುಡಿಸಲು ಸೇರಿದೆ. ಮಾಲೀಕರು ಊಟಕ್ಕೆ ಹೋದಾಗ ಕ್ಯಾಮೆರಾ ಹಿಡಿಯಲು ಕಲಿತೆ. ಬಸ್ಸಿನ ಬೋರ್ಡು, ಔಷಧಿ ಡಬ್ಬಿ, ಮಂಡಕ್ಕಿ ಕಟ್ಟಿಕೊಟ್ಟ ಪೇಪರು, ಕಂಡದ್ದನ್ನೆಲ್ಲ ಅಕ್ಷರ ಕೂಡಿಸಿ ಓದುತ್ತಾ ಓದುತ್ತಾ ಪುಸ್ತಕಕ್ಕೆ ಬಂದೆ. ಈಗ ಅದೇ ಊರಲ್ಲಿ ನನ್ನದೇ ಸ್ಟುಡಿಯೋ ಇದೆ, ಬೋರ್ಡನ್ನೂ ನಾನೇ ಬರೆದಿದ್ದೇನೆ. ಯಾರಿಂದಲೂ ಹೇಳಿಸಿಕೊಂಡು ಕಲಿತವಳಲ್ಲ ಎಂಬ ಜಂಬ ನನಗುಂಟು, ಅದನ್ನು ಮುಚ್ಚಿಡುವುದೂ ಇಲ್ಲ. ಮಾತಾಡುವುದನ್ನು ಮಾತ್ರ ಗಿರಾಕಿಗಳು ಕಲಿಸಿದರು, ಅದೂ ಬಹಳ ಕಷ್ಟಪಟ್ಟು.

ನಮ್ಮ ಕಡೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದನ್ನು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ. ನನ್ನ ಹಲ್ಲೂ ಹಾಗೇ. ನಗು ಬಂದರೆ ಮೊದಲು ಕೈ ಬಾಯಿಗೆ ಹೋಗುತ್ತದೆ. ಹಾಗಾಗಿ ಫೋಟೋದಲ್ಲಿ ಹಲ್ಲು ಕಾಣಿಸುವುದು ಯಾರಿಗೂ ಇಷ್ಟವಿಲ್ಲ ಎಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಒಬ್ಬರನ್ನೂ ಕೇಳಿರಲಿಲ್ಲ.

ಬಾಯಿ ಮುಚ್ರಿ

ಕೂಡ್ಲಿಗಿ ಕಡೆಯ ಹಳ್ಳಿಯೊಂದರ ಪಂಚಾಯ್ತಿ ಮೆಂಬರೊಬ್ಬರು ಹಬ್ಬಕ್ಕೆ ಶುಭಾಶಯದ ಫ್ಲೆಕ್ಸ್ ಹಾಕಿಸಬೇಕೆಂದು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೊತೆಗೆ ನಾಲ್ಕು ಮಂದಿ ಹಿಂಬಾಲಕರು. ಕೈ ಮುಗಿದು ನಿಂತು, ಊರಿಗೆಲ್ಲ ಕಾಣುವಂತೆ ನಕ್ಕರು. ಎಲ್ಲ ಹಲ್ಲೂ ಕಂದು. ಅವರಿಗೆ ಮುಜುಗರವಾಗದಿರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ನಾನು, ರಿ ಸೇರಿಸಿ, ಬಾಯಿ ಮುಚ್ರಿ ಅಂದೆ.

ಮುಗಿದ ಕೈಯನ್ನು ಅವರು ನಿಧಾನಕ್ಕೆ ಇಳಿಸಿದರು.

"ಅಲ್ರೀ ಮೇಡಂ, ಪಂಚಾಯ್ತಿ ಮೀಟಿಂಗ್‌ನ್ಯಾಗ ಈ ಮಾತು ನನಗ ಪುಕ್ಕಟೆ ಅಂತಾರ. ಇಲ್ಲಿ ರೊಕ್ಕ ಕೊಟ್ಟು ಅನ್ನಿಸ್ಕೋಬೇಕೇನು?"

ಯಾರು ಆಕೆ?

ಮೆಂಬರ್ ಸುಮ್ಮನೆ ಹೋಗಲಿಲ್ಲ. ಕಥೆಯನ್ನು ಊರೂರಿಗೆ ಹಂಚಿದರು. ಒಂದು ತಿಂಗಳಲ್ಲಿ ನನ್ನ ಸ್ಟುಡಿಯೋಕ್ಕೆ 'ಬಾಯ್ಮುಚ್ಚು ಸ್ಟುಡಿಯೋ' ಎಂದು ಹೆಸರು ಬಿತ್ತು. ನಾನು ಬರೆದ ಬೋರ್ಡನ್ನು ಓದುವವರೇ ಇಲ್ಲ. ಮದುವೆಯವರು, ನಾಮಕರಣದವರು ನನ್ನ ಬಾಗಿಲ ಮುಂದೆ ಹಾದು ಬಸ್‌ಸ್ಟ್ಯಾಂಡ್ ಹತ್ತಿರದ ಇನ್ನೊಂದು ಸ್ಟುಡಿಯೋಕ್ಕೆ ಹೋಗತೊಡಗಿದರು. ಹೀಗೇ ಆದರೆ ಬಾಗಿಲು ಹಾಕಿ ಮತ್ತೆ ಕಸ ಗುಡಿಸಲು ಹೋಗಬೇಕಾಗುತ್ತದೆ ಎಂದು ಹೆದರಿಕೆಯಾಯಿತು.

ನಾನು ಹಟದ ಹೆಂಗಸು. ತಪ್ಪು ನನ್ನದಲ್ಲ, ಮಾತಿನದು. ಮಾತು ಬದಲಿಸಿದರೆ ಆಯಿತು ಅಂದುಕೊಂಡೆ. ಲೈಬ್ರರಿಗೆ ಹೋಗಿ ದಪ್ಪ ನಿಘಂಟು ತೆಗೆದು ಒಂದು ಮಧ್ಯಾಹ್ನವೆಲ್ಲ ಹುಡುಕಿದೆ. ಹಲ್ಲು ಕಾಣದ ಸಣ್ಣ ನಗುವಿಗೆ 'ಮಂದಸ್ಮಿತ' ಎಂಬ ಚೆಂದದ ಮಾತು ಸಿಕ್ಕಿತು. ಇನ್ನು ಯಾರು ಬೇಜಾರಾಗುತ್ತಾರೆ ನೋಡೇಬಿಡೋಣ ಎಂದು ಎದೆಯುಬ್ಬಿಸಿ ಮನೆಗೆ ಬಂದೆ.

ಮರುದಿನ ಹೊಳಲಿನಿಂದ ನಡುವಯಸ್ಸಿನ ರೈತ ದಂಪತಿ ಬಂದರು. ಮದುವೆಯಾಗಿ ಇಪ್ಪತ್ತೈದು ವರ್ಷ, ಮಗಳ ಒತ್ತಾಯಕ್ಕೆ ಫೋಟೋ. ಗಂಡನದು ದೊಡ್ಡ ನಗು. ನಾನು ಬಹಳ ಮೆತ್ತಗೆ, "ಯಜಮಾನ್ರ, ಸ್ವಲ್ಪ ಮಂದಸ್ಮಿತ ಇರ್ಲಿ" ಅಂದೆ.

ಹೆಂಡತಿ ತಟ್ಟನೆ ಗಂಡನ ಕಡೆ ತಿರುಗಿದಳು. ಆ ಸ್ಮಿತಾ ಯಾರು, ಯಾವ ಊರಿನವಳು, ಈ ಮೇಡಂಗೂ ಗೊತ್ತಿರುವವಳು ತನಗೆ ಯಾಕೆ ಗೊತ್ತಿಲ್ಲ ಎಂದು ಕೇಳಿದಳು. ಗಂಡ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದ. ಅದು ಹೆಂಗಸಲ್ಲ, ನಿಘಂಟಿನ ಮಾತು ಎಂದು ನಾನು ತಿಳಿಸಿ ಹೇಳುವಷ್ಟರಲ್ಲಿ ಆಕೆ ಸೆರಗು ಸೊಂಟಕ್ಕೆ ಸಿಗಿಸಿದ್ದಳು.

"ಅಕಿ ಯಾಕ ಇರ್ಬೇಕ್ರಿ? ಫೋಟೋ ನಮ್ಮಿಬ್ರುದು."

ತುಟಿ ಕೂಡಿಸ್ರಿ

ಪುಸ್ತಕದ ಮಾತು ಬೇಡ, ಮನೆಯ ಮಾತೇ ಇರಲಿ ಎಂದು ಮತ್ತೆ ಯೋಚಿಸಿದೆ. ಬಾಯಿ ಮುಚ್ಚುವುದು ಬೈಗುಳವಾದರೆ ತುಟಿ ಕೂಡಿಸುವುದು ಬೈಗುಳವಲ್ಲವಲ್ಲ. ಎರಡು ದಿನ ಚೆನ್ನಾಗಿಯೇ ನಡೆಯಿತು. ಪಿಂಚಣಿಗೆ ಫೋಟೋ ಬೇಕೆಂದು ಬಂದ ಅಜ್ಜ, ಆಧಾರ್ ಫೋಟೋದಂತೆ ಬರಬಾರದು ಎಂದು ಅಪ್ಪಣೆ ಮಾಡಿದ ಅಂಗನವಾಡಿ ಟೀಚರ್, ಇಬ್ಬರೂ ತಕರಾರಿಲ್ಲದೆ ತುಟಿ ಕೂಡಿಸಿದರು.

ಮೂರನೆಯ ದಿನ ಕೊಟ್ಟೂರಿನಿಂದ ಮದುವೆಯಾಗಿ ಒಂದು ವಾರದ ಜೋಡಿ ಬಂತು. ಕಾವಲಿಗೆ ಹುಡುಗನ ಅಜ್ಜಿ, ಎಲೆ ಅಡಿಕೆ ಚೀಲದ ಸಮೇತ. ಇಬ್ಬರದೂ ಸ್ವಲ್ಪ ಉಬ್ಬು ಹಲ್ಲು, ದೇವರೇ ನೋಡಿ ಜೋಡಿ ಮಾಡಿದ ಹಾಗೆ. ನಾನು ಕ್ಯಾಮೆರಾ ಹಿಂದಿನಿಂದ, "ಹತ್ರ ಬರ್ರಿ. ಇನ್ನಾ ಹತ್ರ. ಹಾಂ, ಈಗ ಇಬ್ರೂ ತುಟಿ ಕೂಡಿಸ್ರಿ" ಅಂದೆ.

ಹುಡುಗ ಹೆಂಡತಿಯನ್ನು ನೋಡಿದ. ಹುಡುಗಿ ಬಾಗಿಲನ್ನು ನೋಡಿದಳು. ಅಜ್ಜಿ ಚೀಲ ಎತ್ತಿಕೊಂಡು ಎದ್ದೇಬಿಟ್ಟಿತು. ತನ್ನ ಕಾಲದಲ್ಲಿ ಫೋಟೋ ಅಂದರೆ ಗಂಡ ಕುರ್ಚಿಯ ಮೇಲೆ, ಹೆಂಡತಿ ಕುರ್ಚಿಯ ಹಿಂದೆ, ನಡುವೆ ಕುರ್ಚಿಯ ಬೆನ್ನು ಎಂದು ಗೊಣಗುತ್ತಾ ಇಬ್ಬರನ್ನೂ ಹೊರಗೆ ಕರೆದುಕೊಂಡು ಹೋಯಿತು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಅಷ್ಟರಲ್ಲಿ ಹುಡುಗ ಚಪ್ಪಲಿ ಮರೆತವನಂತೆ ಒಬ್ಬನೇ ಒಳಗೆ ಬಂದು ದನಿ ತಗ್ಗಿಸಿ ಕೇಳಿದ:

"ಮೇಡಂ, ಅಜ್ಜಿ ಊರಿಗೆ ಹೋದ ಮ್ಯಾಲ ಬಂದ್ರ ನಡಿತೈತೇನ್ರಿ?"

ಹಲ್ಲಿನ ಸಂದಿ

ಇನ್ನು ಬಾಯಿಯೇ ತೆರೆಯುವುದಿಲ್ಲ, ಏನಿದ್ದರೂ ಕಂಪ್ಯೂಟರಿನಲ್ಲೇ ಸರಿ ಮಾಡುತ್ತೇನೆ ಎಂದು ಹಟ ಹಿಡಿದೆ. ಕೂಡ್ಲಿಗಿಯ ಮೆಕ್ಯಾನಿಕ್ ಸಾಹೇಬರೊಬ್ಬರು ಹೊಸ ಗ್ಯಾರೇಜಿನ ಬ್ಯಾನರಿಗೆ ಫೋಟೋ ತೆಗೆಸಿಕೊಂಡರು. ಅವರ ಮುಂದಿನ ಎರಡು ಹಲ್ಲಿನ ನಡುವೆ ಬೀಡಿ ಸಿಗಿಸುವಷ್ಟು ಸಂದಿ. ನಾನು ಏನೂ ಮಾತಾಡಲಿಲ್ಲ. ಅವರು ಹೋದ ಮೇಲೆ ಕೂತು, ಆ ಸಂದಿಯನ್ನು ನೀಟಾಗಿ ತುಂಬಿ, ಹಲ್ಲನ್ನೆಲ್ಲ ಹಾಲಿನಂತೆ ಬೆಳ್ಳಗೆ ಮಾಡಿ ಕಳಿಸಿದೆ.

ನಾಲ್ಕನೆಯ ದಿನ ಅವರು ತಿರುಗಿ ಬಂದರು. ಜಗಳ ಮಾಡಲಿಲ್ಲ, ಸ್ಟೂಲಿನ ಮೇಲೆ ಕೂತು ನೀರು ಕೇಳಿ ಕುಡಿದರು. ಆಮೇಲೆ ಹೇಳಿದರು: ಅವರ ತಾಯಿ ಬ್ಯಾನರ್ ನೋಡಿ, ಗ್ಯಾರೇಜ್ ಯಾರಿಗೆ ಮಾರಿದೆ ಎಂದು ಕೇಳಿದರಂತೆ.

ನಾನು ಸೋಲಲಿಲ್ಲ. ಈಗ ಹೀರೋ ಥರ ಕಾಣುತ್ತೀರಲ್ಲ ಎಂದು ವಾದಿಸಿದೆ. ಅವರು ನಕ್ಕರು. ಆ ಸಂದಿಯಲ್ಲೇ ಒಂದು ಸಿಳ್ಳೆ ಹೊಡೆದು ತೋರಿಸಿದರು. ಅವರ ತಂದೆಗೂ ಅಂಥದೇ ಸಂದಿ ಇತ್ತಂತೆ. ಎಂಥ ಗದ್ದಲದ ಸಂತೆಯಲ್ಲೂ ಅದೇ ಸಿಳ್ಳೆ ಹೊಡೆದು ಮಕ್ಕಳನ್ನು ಕರೆಯುತ್ತಿದ್ದರಂತೆ.

"ನಮ್ಮ ಅಬ್ಬಾ ನನಗ ಬಿಟ್ಟುಹೋಗಿದ್ದು ಇದೊಂದ ಜಾಗ, ಅಕ್ಕಾರ. ಅದನ್ನೂ ನೀವು ಒತ್ತುವರಿ ಮಾಡಿಬಿಟ್ರಿ."

ಹೂಂ

ಅವತ್ತು ಸಂದಿ ಬಿಟ್ಟುಕೊಟ್ಟು ಹೊಸ ಬ್ಯಾನರ್ ಮಾಡಿಕೊಟ್ಟೆ. ಅಲ್ಲಿಂದ ಮುಂದೆ, ನನಗೆ ಮೊದಲೇ ಹೊಳೆಯಬೇಕಿದ್ದ ಕೆಲಸವೊಂದನ್ನು ಶುರು ಮಾಡಿದೆ: ಕೂರಿಸಿದ ಮೇಲೆ, ನಿಮ್ಮ ನಗು ಹೆಂಗ ಬರಬೇಕು ಎಂದು ಅವರನ್ನೇ ಕೇಳುವುದು. ಮುಕ್ಕಾಲು ಮಂದಿ, ಇದ್ದ ಹಾಗೇ ಬರಲಿ ಅಂದರು. ಹಲ್ಲು ಕಾಣುವುದು ಬೇಡ ಅಂದವರಿಗೆ, ಹಾಗಾದರೆ "ಹೂಂ" ಅನ್ರಿ ಅನ್ನುತ್ತಿದ್ದೆ. ಹೂಂ ಅಂದಾಗ ತುಟಿ ತಾನಾಗಿ ಕೂಡುತ್ತದೆ, ಹೂಂ ಅನ್ನಿ ಅಂದದ್ದಕ್ಕೆ ಯಾರೂ ಜಗಳಕ್ಕೆ ಬರುವುದಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬರತೊಡಗಿದರು.

ಆ ಹೊತ್ತಿಗೆ ಹೂವಿನಹಡಗಲಿ ಕಡೆಯಿಂದ ಒಬ್ಬ ಹುಡುಗಿ, ಅವಳ ಸೋದರತ್ತೆ ಬಂದರು. ಹುಡುಗಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಹುಟ್ಟುವಾಗ ಮೇಲಿನ ತುಟಿ ಸೀಳಿತ್ತು, ಚಿಕ್ಕವಳಿದ್ದಾಗ ಆಪರೇಷನ್ ಮಾಡಿ ಹೊಲಿದಿದ್ದರು. ಒಂದು ಗೆರೆ ಉಳಿದಿದೆ, ನಕ್ಕರೆ ತುಟಿಯ ಒಂದು ಕಡೆ ಮೇಲಕ್ಕೆ ಏಳುತ್ತದೆ. ಹರಪನಹಳ್ಳಿಯ ಗಂಡಿನ ಮನೆಗೆ ಅವಳ ಫೋಟೋ ಕಳಿಸಬೇಕಿತ್ತು.

ಅತ್ತೆ ಮೊದಲೇ ಎಚ್ಚರಿಕೆ ಕೊಟ್ಟಳು. ನನ್ನ ಬಾಯಿಯ ವಿಷಯ ಕೇಳಿಯೇ ಬಂದಿದ್ದಾಳಂತೆ. ಹುಡುಗಿಯ ಮನಸ್ಸಿಗೆ ನೋವಾಗುವ ಒಂದು ಮಾತು ಬಂದರೂ ಹಡಗಲಿಯಿಂದ ಒಂದು ನರಪಿಳ್ಳೆಯೂ ನನ್ನ ಸ್ಟುಡಿಯೋಕ್ಕೆ ಬರದ ಹಾಗೆ ಮಾಡುತ್ತಾಳಂತೆ. ತುಟಿ ಮುಚ್ಚಿರಬೇಕು, ಗೆರೆ ಅಳಿಸಬೇಕು, ಅಷ್ಟೆ.

ನಾನು ಅತ್ತೆಯನ್ನು ಬಿಟ್ಟು ಹುಡುಗಿಯ ಕಡೆ ತಿರುಗಿ, "ನಿನಗ ಹೆಂಗ ಬೇಕವ್ವ?" ಎಂದು ಕೇಳಿದೆ. ಅವಳು ಬಾಯಿಗೆ ಅಡ್ಡ ಹಿಡಿದಿದ್ದ ಕೈ ತೆಗೆದಳು.

"ಇದ್ದಂಗ ತಗೀರಿ ಅಕ್ಕಾ. ಎರಡು ಸಲ ಗೆರಿ ಅಳಿಸಿದ ಫೋಟೋ ಕಳಿಸ್ಯಾರ. ಫೋಟೋ ನೋಡಿ ಕುಣ್ಕೋಂತ ಬರ್ತಾರ, ನನ್ನ ನೋಡಿ ಉಪ್ಪಿಟ್ಟು ತಿಂದು ಎದ್ದು ಹೋಗ್ತಾರ. ಈ ಸಲ ಮೊದ್ಲ ನನ್ನ ಮುಖಾನ ಹೋಗ್ಲಿ. ಒಲ್ಲೆ ಅಂದ್ರ ಉಪ್ಪಿಟ್ಟಾದ್ರೂ ಉಳಿತೈತಿ."

ನಗುತ್ತಲೇ ಹೇಳಿದಳು, ಕಣ್ಣು ನಗುತ್ತಿರಲಿಲ್ಲ. ಅತ್ತೆ ಬಿಡಲಿಲ್ಲ. ಕೊನೆಗೆ ಎರಡು ಫೋಟೋ ತೆಗೆಯುವುದು, ಒಂದು ಅತ್ತೆಗೆ ಬೇಕಾದ ಹಾಗೆ, ಒಂದು ಹುಡುಗಿಗೆ ಬೇಕಾದ ಹಾಗೆ, ಎಂದು ರಾಜಿಯಾಯಿತು. ಗಂಡು ಎಂಥ ಚೆಲುವ, ಅವನ ಮುಂದೆ ನಮ್ಮದು ಕಮ್ಮಿಯಾಗಬಾರದು ನೋಡಿ ಎಂದು ಅತ್ತೆ ಮೊಬೈಲ್ ನನ್ನ ಕೈಗೆ ಕೊಟ್ಟಳು.

ನೋಡಿದೆ. ಎಡಕ್ಕೆ ಬೈತಲೆ ತೆಗೆದ ದಟ್ಟ ಕೂದಲು. ಆ ಕೂದಲು ನನಗೆ ಚೆನ್ನಾಗಿ ಗೊತ್ತು. ಕಂಪ್ಯೂಟರಿನಲ್ಲಿ ಹಚ್ಚಿದವಳೇ ನಾನು. ಅದಕ್ಕೂ ಮೊದಲು ಅದು ಕೊಟ್ಟೂರಿನ ಒಬ್ಬ ಮೇಷ್ಟ್ರ ತಲೆಯ ಮೇಲಿತ್ತು. ಮೇಷ್ಟ್ರ ಫೋಟೋ ನೋಡಿ ಆ ಕೂದಲೇ ಬೇಕೆಂದು ಆರಿಸಿದವನೂ ಈ ಗಂಡೇ. ಫೋಟೋದಲ್ಲಿ ಕೂದಲು ಹಚ್ಚಿಸಿಕೊಳ್ಳುವವರು ತಮ್ಮೂರಲ್ಲಿ ಹಚ್ಚಿಸಿಕೊಳ್ಳುವುದಿಲ್ಲ. ಹರಪನಹಳ್ಳಿಯವರು ನಮ್ಮೂರಿಗೆ ಬರುತ್ತಾರೆ, ನಮ್ಮೂರವರು ಕೊಟ್ಟೂರಿಗೆ ಹೋಗುತ್ತಾರೆ.

ಹೇಳಿದರೆ ಒಬ್ಬ ಗಿರಾಕಿಯ ಗುಟ್ಟು ಬಯಲು. ಹೇಳದಿದ್ದರೆ ಎರಡು ಸಲ ಉಪ್ಪಿಟ್ಟು ದಂಡವಾದ ಈ ಹುಡುಗಿಗೆ ಮೋಸ. ಎಲ್ಲ ಕಡೆ ಜಾರುವ ನನ್ನ ನಾಲಿಗೆ ಅವತ್ತು ಅಂಗುಳಕ್ಕೆ ಅಂಟಿ ಕೂತಿತು. ಸುಮ್ಮನೆ ಮೊಬೈಲ್ ವಾಪಸ್ಸು ಕೊಟ್ಟು ಕ್ಯಾಮೆರಾ ಹಿಂದೆ ಹೋಗಿ ನಿಂತೆ.

ಅಷ್ಟರಲ್ಲಿ ಆ ಮೊಬೈಲ್ ರಿಂಗಾಯಿತು. ಅತ್ತೆಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿಯೇ ಮಾತಾಡುವುದು. ಹರಪನಹಳ್ಳಿಯ ಗಂಡೇ ಫೋನ್ ಮಾಡಿದ್ದ. ನಾನು ಅದಕ್ಕೆ ಲಕ್ಷ್ಯ ಕೊಡದೆ ಅತ್ತೆಯ ಪಾಲಿನ ಫೋಟೋಕ್ಕೆ ಹುಡುಗಿಯನ್ನು ಸರಿಯಾಗಿ ಕೂರಿಸುತ್ತಿದ್ದೆ. ಗಂಡು ತಡವರಿಸುತ್ತಾ, ಮುಂದೆ ಹೆಣ್ಣು ನೋಡಲು ಬಂದಾಗ ಎದುರಿಗೆ ಕೂತು ಮುಖ ತಪ್ಪಿಸುವುದು ತನ್ನ ಕೈಲಿ ಆಗುವುದಿಲ್ಲ, ಫೋಟೋದಲ್ಲಿನ ಕೂದಲು ತನ್ನದಲ್ಲ, ತಲೆ ಪೂರಾ ಬೋಳು, ಹುಡುಗಿಗೆ ನಡೆಯುತ್ತದೋ ಕೇಳಿ ಹೇಳಿ ಎಂದ.

"ಹೂಂ ಅನ್ನವ್ವ" ಅಂದೆ ನಾನು ಹುಡುಗಿಗೆ.

"ಹೂಂ" ಅಂದಳು ಅವಳು, ಪಾಠ ಒಪ್ಪಿಸುವಷ್ಟು ಗಟ್ಟಿಯಾಗಿ.

ಅತ್ತೆ ಹಣೆ ಬಡಿದುಕೊಂಡಳು. ಅತ್ತಲಿಂದ ಉದ್ದನೆಯ ಒಂದು ಉಸಿರು ಕೇಳಿಸಿತು. ಹುಡುಗಿಗೆ ತಾನು ಯಾವುದಕ್ಕೆ ಹೂಂ ಅಂದೆ ಎಂದು ಆಗ ಹೊಳೆಯಿತು. ಎದ್ದು ಬಂದು ಅತ್ತೆಯ ಕೈಯಿಂದ ಮೊಬೈಲ್ ತೆಗೆದುಕೊಂಡಳು.

"ಕೂದ್ಲದ್ದೇನಿಲ್ರಿ. ನನ್ನದೂ ಒಂದು ಕೇಳ್ರಿ. ನನ್ನ ಮ್ಯಾಲಿನ ತುಟಿಗೆ ಹೊಲಿಗಿ ಹಾಕಿದ ಗೆರಿ ಐತಿ. ನಕ್ಕರ ಒಂದು ಕಡಿ ಮ್ಯಾಲೇಳ್ತೈತಿ. ಫೋಟೋದಾಗ ಅಳಿಸಂಗಿಲ್ಲ. ನಿಮಗ ನಡಿತೈತೇನು?"

ಅತ್ತ ಕಡೆ ಸದ್ದಿಲ್ಲ. ಅತ್ತೆ ಸೆರಗಿನ ತುದಿ ಕಚ್ಚಿದಳು. ಹುಡುಗಿ ಕಣ್ಣು ಮಿಟುಕಿಸದೆ ಮೊಬೈಲನ್ನೇ ನೋಡುತ್ತಿದ್ದಳು. ಆ ಮೌನ ನನ್ನಿಂದ ತಡೆಯಲಾಗಲಿಲ್ಲ. ಅಭ್ಯಾಸಬಲ, ಬಗ್ಗಿ ಮೊಬೈಲಿಗೆ ಬಾಯಿ ಹಚ್ಚಿ ಅಂದೇಬಿಟ್ಟೆ: "ಹೂಂ ಅನ್ರೀ!"

ಮೊಬೈಲಿನೊಳಗೆ ಯಾರೋ ಬಿದ್ದು ಬಿದ್ದು ನಕ್ಕ ಸದ್ದು. ಅದನ್ನು ಕೇಳಿ ಹುಡುಗಿಯೂ ಕೈ ಅಡ್ಡ ಹಿಡಿಯದೆ, ತುಟಿ ಎಷ್ಟು ಏಳಬೇಕೋ ಅಷ್ಟೂ ಎದ್ದು, ನಕ್ಕಳು. ನಾನು ಓಡಿ ಹೋಗಿ ಕ್ಯಾಮೆರಾ ಬಟನ್ ಒತ್ತುವುದಕ್ಕೂ ಅತ್ತಲಿಂದ ದನಿ ಬರುವುದಕ್ಕೂ ಸರಿಹೋಯಿತು.

"ಹೂಂ ರೀ, ಹೂಂ. ಮೇಡಂ, ನೀವೇನ್ರಿ ಅದು? ಹಂಗಾದ್ರ ಆ ಮೇಷ್ಟ್ರ ಕೂದ್ಲ ಮೇಷ್ಟ್ರಿಗೆ ಕೊಟ್ಟುಬಿಡ್ರಿ."