ಅತ್ತೆಯ ಫ್ರೆಂಚ್ ರೊಟ್ಟಿ

ನನ್ನ ಅತ್ತೆ ಫ್ರೆಂಚ್ ಭಾಷೆಯಲ್ಲಿ ಈವರೆಗೆ ಒಂದು ಕೆಲಸವನ್ನೂ ಮಾಡಿಲ್ಲ. ಮಾಡುತ್ತಲೂ ಇಲ್ಲ. ಎಲ್ಲವನ್ನೂ ಇನ್ನೇನು ಮಾಡಲಿದ್ದಾಳೆ! ತಿನ್ನಲಿದ್ದಾಳೆ, ಮಲಗಲಿದ್ದಾಳೆ, ಈಜಲಿದ್ದಾಳೆ. ಕುಷ್ಟಗಿಯಲ್ಲಿ ಈಜುವಷ್ಟು ನೀರು ಎಲ್ಲಿದೆ ಎಂದು ಕೇಳಬೇಡಿ. ಪುಸ್ತಕದಲ್ಲಿ ಹಾಗಿದೆ.

ಪುಸ್ತಕದ ಕಥೆಯನ್ನು ಮೊದಲು ಹೇಳಬೇಕು. ಅತ್ತೆ, ಎಂದರೆ ನಮ್ಮಪ್ಪನ ಅಕ್ಕ, ಜೋಳದ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ರೊಟ್ಟಿ ಕಟ್ಟಲು ತಂದ ರದ್ದಿ ಕಾಗದದ ನಡುವೆ ಒಮ್ಮೆ ಫ್ರೆಂಚ್ ಕಲಿಸುವ ಹರಕು ಪುಸ್ತಕವೊಂದು ಬಂತು. ಮೊದಲ ಪುಟಗಳಲ್ಲಿ ಯಾವ ಅಂಗಡಿಯವರು ಮೆಣಸಿನಕಾಯಿ ಕಟ್ಟಿದ್ದರೋ, ಕೊನೆಯ ಪುಟಗಳಲ್ಲಿ ಯಾರು ಬೆಲ್ಲ ಕಟ್ಟಿದ್ದರೋ, ಉಳಿದದ್ದು ನಡುವಿನ ಒಂದೇ ಪಾಠ. ಇನ್ನೇನು ಮಾಡಲಿರುವ ಕೆಲಸಗಳನ್ನು ಹೇಳುವ ಪಾಠ. ನಾನು, ನೀನು, ಅವನು, ನಾವು, ನೀವು, ಅವರು ಎಂದು ಪ್ರತಿ ಕ್ರಿಯಾಪದಕ್ಕೂ ಆರು ಸಾಲು.

ಇದನ್ನೇಕೆ ಕಲಿಯಬೇಕು? ನಾನೂ ಕೇಳಿದೆ.

"ಮನಿಗೆ ಬಂದ ಪುಸ್ತಕ. ಓದಲಾರದ ಹೆಂಗ ಹರೀಲೋ ತಮ್ಮಾ?" ಎಂದಳು.

ಉಚ್ಚಾರಣೆ ನನ್ನ ಮೊಬೈಲಿನಿಂದ ಬಂತು, ಅರ್ಥ ನನ್ನ ಅರೆಬರೆ ಇಂಗ್ಲಿಷಿನಿಂದ. ಕಲಿಯುವ ಕ್ರಮ ಮಾತ್ರ ಅತ್ತೆಯದೇ. ರೊಟ್ಟಿ ಬಡಿಯುವಾಗ ಎಡಗೈ ಹಿಟ್ಟನ್ನು ತಿರುಗಿಸುತ್ತದೆ, ಬಲಗೈ ಬಡಿಯುತ್ತದೆ. ಒಂದು ಸುತ್ತಿಗೆ ಒಂದು ಸಾಲು. 'ಜ ವೇ ಮಾಂಜೇ', ನಾನು ಇನ್ನೇನು ತಿನ್ನುತ್ತೇನೆ, ಪಟಪಟ. 'ತ್ಯು ವಾ ಮಾಂಜೇ', ನೀನು ಇನ್ನೇನು ತಿನ್ನುತ್ತೀ, ಪಟಪಟ. ಆರನೆಯ ಸುತ್ತಿಗೆ ರೊಟ್ಟಿಯೂ ಹದಕ್ಕೆ ಬರಬೇಕು, ಕ್ರಿಯಾಪದವೂ ಮುಗಿಯಬೇಕು.

ಅವಳು ಎಡವುತ್ತಿದ್ದುದು ಐದನೆಯ ಸುತ್ತಿನಲ್ಲಿ, 'ವೂ ಜಾಲೇ', 'ನೀವು ಇನ್ನೇನು' ಎಂಬಲ್ಲಿ. ನಾನು ಹೇಳಿಕೊಡುವಂತಿರಲಿಲ್ಲ, ಅದು ಅತ್ತೆಯ ಕಟ್ಟಪ್ಪಣೆ. ಎಡವಿದ ರೊಟ್ಟಿಯನ್ನು ಗಿರಾಕಿಗೆ ಕೊಡುವಂತೆಯೂ ಇರಲಿಲ್ಲ. ಅದನ್ನು ಬೇರೆಯಾಗಿ ಬೇಯಿಸಿ, ಪುಸ್ತಕ ಹಿಡಿದು ಕೂತ ನನ್ನ ಅಂಗೈ ಮೇಲೆ ಇಡುತ್ತಿದ್ದಳು. "ತಪ್ಪಿದ್ದು ನಿಂದು" ಎನ್ನುತ್ತಿದ್ದಳು, ಪ್ರತಿ ಸಲವೂ.

ಜೊತೆಗೆ ರೊಟ್ಟಿ ಮಾಡುವ ಪಕ್ಕದ ಮನೆಯ ಖಾಜಾಬಿ ಒಂದು ದಿನ ತಡೆಯಲಾರದೆ ಕೇಳಿದಳು. "ಅಕ್ಕಾ, ಹಿಟ್ಟಿಗೆ ಏನ್ ಮಂತ್ರ ಹಾಕಾಕತ್ತೀ? ಗಿರಾಕಿ ಓಡಿ ಹೋಗ್ತಾರ ನೋಡ."

"ಮಂತ್ರ ಅಲ್ಲವ್ವಾ, ಫ್ರೆಂಚ್."

"ಹಂಗಾದ್ರ ನಿನ್ನ ಅಳಿಯಗ ಛಲೋ ಹತ್ತೈತಿ ಬಿಡ. ಹೊಟ್ಟಿ ಬಂದೈತಿ!"

ಸುಳ್ಳಲ್ಲ. ಆ ವರ್ಷ ನನ್ನ ಎರಡು ಪ್ಯಾಂಟುಗಳು ನನ್ನನ್ನು ಕೈಬಿಟ್ಟವು. ಅತ್ತೆ ಈಜಲು ಕಲಿತ ವಾರವಂತೂ ಹದಿನೇಳು ರೊಟ್ಟಿ ನನ್ನ ಪಾಲಿಗೆ ಬಂದವು. ಹದಿನೇಳೇ, ಎಣಿಸಿದ್ದೇನೆ.

ಇದರಿಂದ ಏನು ಪ್ರಯೋಜನವಾಯಿತು ಎನ್ನುವವರಿಗೆ ಆನೆಗೊಂದಿಯ ಸಂಗತಿ ಹೇಳುತ್ತೇನೆ. ಅಲ್ಲಿ ಒಬ್ಬರ ಮನೆಗೆ ರೊಟ್ಟಿ ಮುಟ್ಟಿಸಿ, ನಾವಿಬ್ಬರೂ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದ್ದೆವು. ವಿದೇಶಿ ಪ್ರವಾಸಿಯೊಬ್ಬ ಬಂದ. "ಯಾವ ಊರಾಂವ ಕೇಳು" ಎಂದಳು ಅತ್ತೆ. ಕೇಳಿದೆ. ಫ್ರಾನ್ಸ್ ಎಂದ. ಅತ್ತೆ ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತು, "ನೂ ಜಾಲೋಂ ಮಾಂಜೇ" ಎಂದಳು. ನಾವು ಇನ್ನೇನು ತಿನ್ನುತ್ತೇವೆ!

ಆತ ಒಂದು ಕ್ಷಣ ನಿಂತ. ಬೂಟು ಬಿಚ್ಚಿದ. ನಮ್ಮೊಂದಿಗೆ ಕೂತೇಬಿಟ್ಟ. ಶೇಂಗಾ ಚಟ್ನಿಯಲ್ಲಿ ಮೂರು ರೊಟ್ಟಿ ತಿಂದು, ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ಉದ್ದಕ್ಕೆ ಏನೋ ಹೇಳಿ ಕೈಮುಗಿದು ಹೋದ.

"ಏನಂದ ಅತ್ತಿ?"

"ಉಂಡದ್ದರ ಬಗ್ಗೆ ಇರಬೇಕು. ಆಗಿ ಹೋಗಿದ್ದು ನನ್ನ ಪುಟದಾಗ ಇಲ್ಲ."

ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಕಂಡಕ್ಟರಿಗೆ, ಕಡೆಗೆ ಡ್ರೈವರಿಗೂ ನಾನು ಇದನ್ನು ಹೇಳಿದೆ. "ನಮ್ಮ ಅತ್ತಿರಿ" ಎಂದು ಬೆರಳು ಮಾಡಿ ತೋರಿಸಿದೆ. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ನಿದ್ದೆ ಬಂದವಳಂತೆ ಕೂತಿದ್ದಳು.

ಮುಂದಿನದನ್ನು ನಿಧಾನವಾಗಿ ಬರೆಯಬೇಕು. ಕಂಡಷ್ಟನ್ನೇ ಬರೆಯುತ್ತೇನೆ.

ಕಳೆದ ಶ್ರಾವಣದ ಒಂದು ಬೆಳಿಗ್ಗೆ ಅತ್ತೆ ಒಲೆಯ ಮುಂದೆ ಕೂತಲ್ಲೇ ವಾಲಿದಳು. ಖಾಜಾಬಿ ಹಿಡಿಯದಿದ್ದರೆ ಹಂಚಿನ ಮೇಲೆಯೇ ಬೀಳುತ್ತಿದ್ದಳು. ಕೊಪ್ಪಳದ ಆಸ್ಪತ್ರೆಗೆ ಸೇರಿಸಿದೆವು. ಮಿದುಳಿನ ರಕ್ತನಾಳ ಕಟ್ಟಿಕೊಂಡಿದೆ ಎಂದರು. ಬಲಗೈ ಏಳುತ್ತಿರಲಿಲ್ಲ.

ಮೂರನೆಯ ದಿನ ಡಾಕ್ಟರು ಅವಳ ಹೆಸರು ಕೇಳಿದರು. ಅತ್ತೆ ಗೋಡೆಯನ್ನು ನೋಡಿದಳು. ನನ್ನನ್ನು ತೋರಿಸಿ, "ಇವರು ಯಾರು ಹೇಳ್ರಿ ಅವ್ವಾರ" ಎಂದರು. ಅತ್ತೆ ನನ್ನನ್ನು ನೋಡಿದಳು. ಗೋಡೆಯನ್ನು ನೋಡಿದ ಹಾಗೆಯೇ ನೋಡಿದಳು.

ಆಮೇಲೆ ಅವಳ ಎಡಗೈ ಹಾಸಿಗೆಯ ಮೇಲೆ ಅಲುಗಾಡತೊಡಗಿತು. ತುಟಿಯಿಂದ ಒಡಕು ದನಿ ಬಂತು. ನರ್ಸ್ ಆ ಕೈಯನ್ನು ಒತ್ತಿ ಹಿಡಿದರು.

"ಮಾತು ತಪ್ಪ್ಯಾವ. ಕೈ ನಡುಗಾಕತ್ತೈತಿ" ಎನ್ನುತ್ತ ಡಾಕ್ಟರು ಬರೆದುಕೊಂಡರು. "ಯಾರದೂ ಗುರುತು ಉಳಿದಂಗ ಕಾಣಂಗಿಲ್ಲ."

"ಸರ, ಕೈ ಬಿಡ್ಸರಿ" ಎಂದೆ. "ಅದು ನಡುಕ ಅಲ್ಲ. ರೊಟ್ಟಿ ತಿರುವಾಕತ್ಯಾಳ. ಮಾತೂ ತಪ್ಪಿಲ್ಲರಿ, ಫ್ರೆಂಚ್ ಐತಿ."

ಡಾಕ್ಟರು ನನ್ನನ್ನೇ ಒಳಗೆ ಸೇರಿಸಿಕೊಳ್ಳಬೇಕೇನೋ ಎಂಬಂತೆ ನೋಡಿದರು. ಆದರೂ ನರ್ಸಿಗೆ ಸನ್ನೆ ಮಾಡಿದರು. ಕೈ ಬಿಡುಗಡೆಯಾಯಿತು.

ಒಂದು ಸುತ್ತು, 'ಜ ವೇ'. ಎರಡು, 'ತ್ಯು ವಾ'. ಮೂರು. ನಾಲ್ಕು. ನಾನು ಉಸಿರು ಹಿಡಿದು ಎಣಿಸುತ್ತಿದ್ದೆ. ಐದನೆಯ ಸುತ್ತಿನಲ್ಲಿ ದನಿ ನಿಂತಿತು, ಕೈಯೂ ನಿಂತಿತು. ಹೇಳಿಕೊಡಬಾರದೆಂದು ನಾನು ತುಟಿ ಕಚ್ಚಿಕೊಂಡೆ.

ಅತ್ತೆ ಏನೂ ಇಲ್ಲದ ಹಾಸಿಗೆಯ ಮೇಲಿಂದ ಏನನ್ನೋ ಮೆಲ್ಲಗೆ ಎತ್ತಿದಳು. ಡಾಕ್ಟರನ್ನು ದಾಟಿ, ನರ್ಸನ್ನು ದಾಟಿ, ನನ್ನ ಕಡೆ ಕೈ ಚಾಚಿದಳು. ನಾನು ಅಂಗೈ ಒಡ್ಡಿದೆ. ಅದರ ಮೇಲೆ ಇಟ್ಟಳು.

"ಏನ್ ಕೊಟ್ರು?" ಡಾಕ್ಟರು ಕೇಳಿದರು.

"ರೊಟ್ಟಿ ಸರ. ತಪ್ಪಿದ್ದು. ತಪ್ಪಿದ್ದೆಲ್ಲ ನಂದ."

ಡಾಕ್ಟರು, ಯಾರದೂ ಗುರುತು ಉಳಿದಿಲ್ಲವೆಂದು ತಾವು ಬರೆದಿದ್ದ ಕೊನೆಯ ಸಾಲನ್ನು ಹೊಡೆದುಹಾಕಿದರು. ಅವರು ಹೋದ ಮೇಲೂ ನಾನು ಅಂಗೈ ಮಡಚಲಿಲ್ಲ. ಖಡಕ್ ರೊಟ್ಟಿ, ಮುರಿದೀತು.